ಪ್ರತಿಕ್ರಿಯೆ: ಯಾದಗಿರಿ ತಾಂಡಾದಲ್ಲಿ ರಕ್ತಹೀನತೆ ಅಧ್ಯಯನಕ್ಕೆ ಒಪ್ಪಿಗೆ ಸಿಗ್ತಿಲ್ಲ
ನೀವು ಬರೆದ ಹಾಗೆ, ನಿಮ್ಮ ಅಧ್ಯಯನಕ್ಕೆ ರಕ್ತ ಕೊಡೋಕೆ ತಯಾರಿರುವ ತಾಂಡಾದ (ಲಂಬಾಣಿಗರ ಊರಿನ) ಹೆಣ್ಣುಮಕ್ಕಳು ಒಪ್ಪಿಗೆ ಪತ್ರ ಕಂಡ ಕೂಡಲೇ ಎದ್ದು ಹೋಗ್ತಾರೆ ಅಂದ್ರೆ, ಬಹುಶಃ ಹೆಬ್ಬೆಟ್ಟಿನ ಹೆದರಿಕೆ. ಸಾಲದ ಕಾಗದ, ಹೊಲದ ಕಾಗದ ನೋಡಿದವರು ಅವರು. ಬೇರೆ ಕಾರಣವೂ ಇರಬಹುದು, ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರ ಜೊತೆಗೇ ಹೋಗಿ ತಾಂಡಾದ ನಾಯಕರಿಗೆ ವಿಷಯ ತಿಳಿಸಿ.

ಆಮೇಲೆ ಪತ್ರವನ್ನು ಲಂಬಾಣಿ ಮಾತಲ್ಲಿ ಓದಿಸಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸಾಕು, ಆದರೆ ಆ ಪ್ರತಿಗೂ ಎಥಿಕ್ಸ್ ಕಮಿಟಿ (ಅಧ್ಯಯನದಲ್ಲಿ ಜನರ ಹಿತ ಕಾಯುವ ಸಮಿತಿ) ಒಪ್ಪಿಗೆ ಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ, ಓದುಬಲ್ಲ ಸಾಕ್ಷಿ ಇರಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ನೋಡಿ. ಸಾಕ್ಷಿಗೆ ತಾಂಡಾದ್ದೇ ಡಿಗ್ರಿ ಓದೋ ಹುಡುಗಿ ಸಿಕ್ಕರೆ ಅರ್ಧ ಕೆಲಸ ಮುಗೀತು.

ಕೂಲಿ ತಪ್ಪಿಸಬೇಡಿ, ಸಂಜೆ ಹೋಗಿ. ಗುಳೇ ಹೋದ ಕಾಲದಲ್ಲಿ ಮನೇಲಿ ಉಳಿದ ಮುದುಕಿಯರನ್ನಷ್ಟೇ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತೆ. ಮುಂಗಾರು ಬಿತ್ತನೆಗೆ ಊರಿಗೆ ಬರ್ತಾರೆ, ಅಧ್ಯಯನ ಆಗ ಇಟ್ಟುಕೊಳ್ಳಿ.