ಖಾಲಿ ಫಾರಂಗೆ ಸಹಿ ಬೇಡ

ಪ್ರಶ್ನೆ: ಅಕ್ಕಾ, ಬಿ.ಕಾಂ. ಮುಗಿಸಿ ಮ್ಯೂಚುವಲ್ ಫಂಡ್ ವಿತರಕರೊಬ್ಬರ ಕಚೇರಿಯಲ್ಲಿ ಸಹಾಯಕಿಯಾಗಿದ್ದೇನೆ. ದಿನವಿಡೀ ಫಾರಂ, ಜೆರಾಕ್ಸ್, ಫೋನ್. ಸಾಹೇಬರು ಗ್ರಾಹಕರಿಂದ ಖಾಲಿ ಫಾರಂಗೆ ಸಹಿ ಹಾಕಿಸಿ ಇಟ್ಟುಕೋ ಅಂತಾರೆ. ಇಲ್ಲೇ ಇದ್ದರೆ ಮುಂದೆ ಬರಬಹುದಾ?
– ಓದುಗಿ, ದಾವಣಗೆರೆ

ಉತ್ತರ: ಮೊದಲು ಖಾಲಿ ಫಾರಂ ವಿಚಾರ. ಹಾಕಿಸಬೇಡ ತಂಗಿ. ನಾಳೆ ತಕರಾರು ಬಂದರೆ ಫಾರಂ ತುಂಬಿದ ಕೈಬರಹ ನಿನ್ನದೇ ಆಗಿರುತ್ತದೆ. ನಾನಿದ್ದ ಕಚೇರಿಯಲ್ಲೂ ಈ ರೂಢಿ ಇತ್ತು. ‘ಸರ್, ಗ್ರಾಹಕರ ಮುಂದೆಯೇ ತುಂಬಿಸಿ ಸಹಿ ತಗೋತೀನಿ, ಐದೇ ನಿಮಿಷ’ ಎಂದೆ. ಒಪ್ಪಿದರು. ಒಟಿಪಿ ಕೂಡ ಗ್ರಾಹಕರೇ ಹಾಕಲಿ, ನೀನು ಕೇಳಬೇಡ.

ಸುಮ್ನೆ ಜೆರಾಕ್ಸ್ ಕೆಲಸ ಅಂದುಕೊಳ್ಳಬೇಡ. ಈಕ್ವಿಟಿ ಫಂಡ್‌ಗೆ (ಷೇರುಗಳಲ್ಲಿ ಹಣ ಹೂಡುವ ಫಂಡ್) ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಸಿಗಬೇಕಾದರೆ ಮಧ್ಯಾಹ್ನ 3ರೊಳಗೆ ಅರ್ಜಿಯೂ ಸೇರಬೇಕು, ಹಣವೂ ಫಂಡ್‌ನ ಖಾತೆಗೆ ಬಂದಿರಬೇಕು. ಪ್ಯಾನ್‌ನಲ್ಲಿರುವ ಹೆಸರು ಬ್ಯಾಂಕ್ ಖಾತೆಯಲ್ಲಿ ಬೇರೆ ಥರ ಇದ್ದರೆ ಅದನ್ನು ಮೊದಲು ನೋಡುವವಳು ನೀನೇ ಅಲ್ವಾ? ನಾಮಿನಿ ಕಾಲಂ ಬಿಟ್ಟುಹೋಗಿದ್ದರೆ ಕೇಳಿ ತುಂಬಿಸು. ಮನೆಯ ಯಜಮಾನ ತೀರಿಕೊಂಡ ಮೇಲೆ ಹೆಂಡತಿ ಕಾಗದಪತ್ರಕ್ಕಾಗಿ ಅಲೆಯುವುದನ್ನು ಕಂಡಿದ್ದೇನೆ, ಸಂಕಟವಾಗುತ್ತದೆ.

ಮುಂದೆ ಬರಲು ಎನ್‌ಐಎಸ್‌ಎಂನ (ಷೇರುಪೇಟೆ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ) ಸೀರೀಸ್ 5-ಎ, ಅಂದರೆ ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆ ಕಟ್ಟು. 100 ಅಂಕಕ್ಕೆ 50 ಬಂದರೆ ಪಾಸ್, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀನು ದಿನಾ ಮುಟ್ಟುವ ಫಾರಂಗಳ ವಿಷಯವೂ ಅದರಲ್ಲಿದೆ. ಪಾಸಾದ ಮೇಲೆ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯಲ್ಲಿ ನೋಂದಾಯಿಸಬಹುದು. ಸಂಬಳದ ಮಾತನ್ನು ಆಗ ಧೈರ್ಯವಾಗಿ ಎತ್ತು.