ಪ್ರೊಸೆಸರ್‌ಗೂ ಲಿಕ್ವಿಡ್ ಕೂಲರ್‌ಗೂ ಜಾಸ್ತಿ ದುಡ್ಡು ಹಾಕಿ, ಮದರ್‌ಬೋರ್ಡ್ ಅಗ್ಗದ್ದು ತಗೊಂಡರೆ ಓವರ್‌ಕ್ಲಾಕ್‌ಗೆ (ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋಕೆ) ಸಾಕಾ?

ಓವರ್‌ಕ್ಲಾಕ್‌ಗೆ ಬಿಡುವ ಝಡ್ ಚಿಪ್‌ಸೆಟ್ ಇದೆ, ಬಾಕ್ಸ್ ಮೇಲೆ 12 ಫೇಸ್ (ಪ್ರೊಸೆಸರ್‌ಗೆ ಕರೆಂಟ್ ಹಂಚಿ ಕೊಡುವ ದಾರಿಗಳು) ಅಂತ ಬರೆದಿದೆ, ಗೇಮಿಂಗ್‌ಗೆ ಇನ್ನೇನು ಬೇಕು ಅಂತ ಕೇಳಿದ್ದೀರಿ. ಅಕ್ಷರಶಃ ಇದೇ ಲೆಕ್ಕ ಹಾಕಿ ನಾನು ಕೈ ಸುಟ್ಟುಕೊಂಡೆ.

ಇಂಟೆಲ್ ಐ9 9900ಕೆ ಬಂದ ಹೊಸದು, 2018ರ ಕೊನೆ. ಪ್ರೊಸೆಸರ್ ತಗೊಂಡೆ, 360 ಎಂಎಂ ಲಿಕ್ವಿಡ್ ಕೂಲರ್ ತಗೊಂಡೆ, ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ ತಗೊಂಡೆ. ಮಿಕ್ಕಿದ ದುಡ್ಡಲ್ಲಿ ಬೋರ್ಡ್. ಝಡ್390ರಲ್ಲೇ ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು. ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ಸ್) ಮಲ್ಟಿಪ್ಲೈಯರ್, ಅಂದರೆ ವೇಗ ನಿರ್ಧರಿಸುವ ಗುಣಕ, 50ಕ್ಕೆ ಏರಿಸಿ 1.3 ವೋಲ್ಟ್ ಕೊಟ್ಟೆ. ಎಂಟೂ ಕೋರ್ 5 ಗಿಗಾಹರ್ಟ್ಸ್‌ನಲ್ಲಿ ಓಡಿದವು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೂ ಆಯಿತು.

ತೊಂದರೆ ಕಂಡಿದ್ದು ಗೇಮ್ ಆಡುತ್ತಾ ಅದನ್ನೇ ರೆಕಾರ್ಡ್ ಮಾಡಲು ಹೋದಾಗ. ರೆಕಾರ್ಡಿಂಗ್ ಕೆಲಸವನ್ನೂ ಪ್ರೊಸೆಸರ್‌ಗೇ ಹಚ್ಚಿದ್ದೆ. ಸ್ವಲ್ಪ ಹೊತ್ತು ಎಲ್ಲಾ ಸರಿ. ಆಮೇಲೆ ಇದ್ದಕ್ಕಿದ್ದ ಹಾಗೆ ಗೇಮ್ ತೆವಳೋದು, ಕೆಲವು ಸೆಕೆಂಡು ಬಿಟ್ಟು ಮತ್ತೆ ಓಡೋದು. ಪ್ರೊಸೆಸರ್ ಬಿಸಿ ನೋಡಿದರೆ 75 ಡಿಗ್ರಿ, ಏನೂ ಮೋಸವಿಲ್ಲ. ಥರ್ಮಲ್ ಪೇಸ್ಟ್ ಬದಲಿಸಿದೆ. ವಿಂಡೋಸ್ ಹೊಸದಾಗಿ ಹಾಕಿದೆ. ಪವರ್ ಸಪ್ಲೈ ಮೇಲೆ ಅನುಮಾನ ಬಂದು ಇನ್ನೂ ದೊಡ್ಡದನ್ನು ತಂದೆ. ಎಲ್ಲಾ ನೀರಲ್ಲಿ ಮಾಡಿದ ಹೋಮ.

ಕೊನೆಗೆ ಒಳಗಿನ ಬಿಸಿ, ವೇಗ ಎಲ್ಲಾ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟುಕೊಂಡು ಆಡಿದೆ. ಗೇಮ್ ತೆವಳಿದ ಹೊತ್ತಿಗೆ ಸರಿಯಾಗಿ ಕ್ಲಾಕ್ 5000ದಿಂದ ಸೀದಾ 800 ಮೆಗಾಹರ್ಟ್ಸ್‌ಗೆ ಬಿತ್ತು. ಪಟ್ಟಿಯನ್ನು ಕೆಳಗೆ ಸರಿಸಿದರೆ 'ವಿಆರ್‌ಎಂ ಮಾಸ್' ಅಂತ ಒಂದು ಸಾಲು. ಅದುವರೆಗೆ ಅದರ ಕಡೆ ತಲೆಯೇ ಹಾಕಿರಲಿಲ್ಲ. 115 ಡಿಗ್ರಿ ತೋರಿಸುತ್ತಿತ್ತು.

ಇಲ್ಲಿ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗಿರುವುದು ಸುಮಾರು 1.3. ಇಳಿಸಿಕೊಡುವ ಕೆಲಸ ಸಾಕೆಟ್ ಪಕ್ಕದಲ್ಲಿ ಸಾಲಾಗಿ ಕೂತಿರುವ ವಿಆರ್‌ಎಂನದ್ದು. 9900ಕೆ ಬಾಕ್ಸ್ ಮೇಲೆ 95 ವ್ಯಾಟ್ ಅಂತ ಇದೆಯಲ್ಲ, ಅದು 3.6 ಗಿಗಾಹರ್ಟ್ಸ್‌ನ ಲೆಕ್ಕ. ಎಲ್ಲಾ ಕೋರ್ 5ರಲ್ಲಿ ದುಡಿದರೆ 200 ವ್ಯಾಟ್ ಹತ್ತಿರ ಎಳೆಯುತ್ತದೆ. 1.3 ವೋಲ್ಟ್‌ನಲ್ಲಿ 200 ವ್ಯಾಟ್ ಅಂದರೆ 150 ಆಂಪಿಯರ್‌ಗೂ ಜಾಸ್ತಿ. ಹತ್ತು ಹದಿನೈದು ಪರ್ಸೆಂಟ್ ಅಲ್ಲೇ ಬಿಸಿಯಾಗಿ ಸೋರಿದರೂ 20-30 ವ್ಯಾಟ್ ಶಾಖ ಬೆರಳಗಲದ ಜಾಗದಲ್ಲಿ. ಅದು ಮಿತಿ ಮೀರಿದಾಗ ಬೋರ್ಡ್ ಪ್ರೊಸೆಸರ್‌ನ ಕತ್ತು ಹಿಡಿದು ನಿಲ್ಲಿಸುತ್ತದೆ. ಆ 800 ಬಂದಿದ್ದು ಹಾಗೆ.

ಇನ್ನು ಫೇಸ್ ಲೆಕ್ಕ. ನನ್ನ ಬೋರ್ಡಿನ ಕಂಟ್ರೋಲರ್‌ನಿಂದ ಕೋರ್‌ಗಳಿಗೆ ಹೋಗುತ್ತಿದ್ದದ್ದು ನಾಲ್ಕೇ ಫೇಸ್. ಒಂದೊಂದಕ್ಕೂ ಎರಡೆರಡು ಚೋಕ್ (ಸುರುಳಿ) ಕೂರಿಸಿ ಎಂಟು ಮಾಡಿದ್ದರು, ಗ್ರಾಫಿಕ್ಸ್‌ಗೆ ಇದ್ದದ್ದನ್ನೂ ಸೇರಿಸಿ ಬಾಕ್ಸ್ ಮೇಲೆ ದೊಡ್ಡ ಸಂಖ್ಯೆ. ಹಾಗೆ ಜೋಡಿ ಮಾಡುವುದೇ ತಪ್ಪು ಅಂತಲ್ಲ. ಒಳ್ಳೆ ಪವರ್ ಸ್ಟೇಜ್ (ಕರೆಂಟ್ ಆನ್-ಆಫ್ ಮಾಡುವ ಚಿಪ್) ಇರುವ ಆರು ಫೇಸ್, ಕಳಪೆ ಮಾಸ್‌ಫೆಟ್ (ಅದೇ ಕೆಲಸದ ಬಿಡಿ ಸ್ವಿಚ್) ಇರುವ ಹನ್ನೆರಡಕ್ಕಿಂತ ವಾಸಿ. ಎಣಿಸಿ ಕೊಂಡಿದ್ದು ನನ್ನ ಪೆದ್ದುತನ. ಹೀಟ್‌ಸಿಂಕ್ ಬಿಚ್ಚಿ ನೋಡಿದೆ. ಮೇಲೆ ಎಲ್‌ಇಡಿ ಹಾಕಿದ ಪ್ಲಾಸ್ಟಿಕ್ ಮುಸುಕು, ಅಡಿಯಲ್ಲಿ ತೆಳು ಅಲ್ಯೂಮಿನಿಯಂ ತುಂಡು. ಹೊರಗೆ ಥಳುಕು, ಒಳಗೆ ಹುಳುಕು!

ಲಿಕ್ವಿಡ್ ಕೂಲರ್ ಇದನ್ನು ಇನ್ನೂ ಕೆಡಿಸಿತು. ಗಾಳಿ ಕೂಲರ್ ಇದ್ದಿದ್ದರೆ ಅದರ ಫ್ಯಾನ್ ಗಾಳಿ ಅಲ್ಪಸ್ವಲ್ಪವಾದರೂ ವಿಆರ್‌ಎಂಗೆ ತಾಗುತ್ತಿತ್ತು. ನಾನು ಫ್ಯಾನ್‌ಗಳನ್ನೆಲ್ಲ ಕ್ಯಾಬಿನೆಟ್ ಮುಂಭಾಗಕ್ಕೆ, ಗಾಜಿನ ಹಿಂದಕ್ಕೆ ಹಾಕಿದ್ದೆ. ಪ್ರೊಸೆಸರ್ ತಣ್ಣಗೆ, ಅದಕ್ಕೆ ಕರೆಂಟ್ ಕೊಡೋದು ಕೆಂಡ. ಹಳೆಯ 120 ಎಂಎಂ ಫ್ಯಾನ್ ಒಂದನ್ನು ಕೇಬಲ್ ಟೈ ಹಾಕಿ ವಿಆರ್‌ಎಂ ಮೇಲೆ ಕಟ್ಟಿದೆ. ತೆವಳೋದು ನಿಂತಿತು. ಗಾಜಿನ ಕ್ಯಾಬಿನೆಟ್‌ನಲ್ಲಿ ಅದು ಎಷ್ಟು ಚೆಂದ ಕಾಣುತ್ತಿತ್ತು ಅಂತ ಕೇಳಬೇಡಿ. ಆಮೇಲೆ ಬೋರ್ಡೇ ಬದಲಾಯಿಸಿದೆ.

ಈಗ ನಿಮ್ಮ ವಿಷಯ. ಗೇಮಿಂಗ್‌ಗಾಗಿ ಓವರ್‌ಕ್ಲಾಕ್ ಅನ್ನೋ ಮಾತನ್ನೇ ಬಿಡಿ ಅಂತೀನಿ. ಈಗಿನ ಪ್ರೊಸೆಸರ್‌ಗಳು ಕಂಪನಿಯಿಂದಲೇ ಅಂಚಿಗೆ ಎಳೆದು ಬರುತ್ತವೆ. ನಮಗೆ ಉಳಿಯುವುದು ಚೂರುಪಾರು. ರೆಸಲ್ಯೂಷನ್ 1440ಪಿ, 4ಕೆ ಆದರೆ ಫ್ರೇಮ್ ಎಷ್ಟು ಅಂತ ಹೇಳೋದು ಬಹುಪಾಲು ಗ್ರಾಫಿಕ್ಸ್ ಕಾರ್ಡ್. ರೈಜನ್ 7 7800ಎಕ್ಸ್3ಡಿ ಗೇಮಿಂಗ್‌ನಲ್ಲಿ ಹೆಸರು ಮಾಡಿದ್ದು 96 ಎಂಬಿ ಎಲ್3 ಕ್ಯಾಶ್‌ನಿಂದ (ಚಿಪ್ ಒಳಗಿನ ವೇಗದ ಮೆಮೊರಿ). ಅದರ ಮಲ್ಟಿಪ್ಲೈಯರ್ ಏರಿಸೋಕೂ ಆಗಲ್ಲ. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಚಿಪ್‌ಗಳಂತೂ ಜಾಸ್ತಿ ವೋಲ್ಟೇಜ್‌ನಿಂದ ಹಾಳಾಗುತ್ತಿವೆ ಅಂತ ಗೊತ್ತಾಗಿ, 2024ರಲ್ಲಿ ಮೈಕ್ರೋಕೋಡ್ (ಚಿಪ್ ಒಳಗಿನ ಆದೇಶಗಳು) ಬದಲಿಸಿದರು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಅಂಥದ್ದಕ್ಕೆ ಇನ್ನೂ ವೋಲ್ಟ್ ಸುರಿಯೋದ್ಯಾಕೆ? ವೋಲ್ಟೇಜ್ ಸ್ವಲ್ಪ ಇಳಿಸಿ, ಮೆಮೊರಿಗೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಅದರ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ನಾಲ್ಕು ಸ್ಲಾಟ್ ಇದ್ದರೂ ರ್‍ಯಾಮ್ ಎರಡೇ ಕಡ್ಡಿ ಹಾಕಿ, ಸಾಮಾನ್ಯವಾಗಿ ಸಾಕೆಟ್‌ನಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್‌ಗೆ.

ಆದರೂ ಹಠ ಇದ್ದರೆ, ಇಂಟೆಲ್‌ನಲ್ಲಿ ಕೆ ಪ್ರೊಸೆಸರ್ (ಹೆಸರಲ್ಲಿ ಕೆ ಅಕ್ಷರ ಇರುವುದು) ಜೊತೆ ಝಡ್ ಬೋರ್ಡೇ ಬೇಕು, ಬಿ760ರಲ್ಲಿ ಮೆಮೊರಿ ಮಾತ್ರ ಏರಿಸಬಹುದು. ಎಎಂಡಿಯಲ್ಲಿ ಬಿ650 ಸಾಕು, ಎ620 ಬೇಡ. ಎಲ್ಲಕ್ಕಿಂತ ದುಬಾರಿಯದ್ದೂ ಬೇಡ. ಅಲ್ಲಿ ನೀವು ದುಡ್ಡು ಕೊಡೋದು ಬಳಸದ ಪೋರ್ಟ್‌ಗಳಿಗೆ. ಮಧ್ಯದ ಸಾಲಿನದ್ದನ್ನು ಆರಿಸಿ, ವಿಆರ್‌ಎಂ ಬಿಸಿ ಅಳೆದು ತೋರಿಸಿರುವ ರಿವ್ಯೂ ಹುಡುಕಿ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ (ಪ್ರೊಸೆಸರ್ ಇಲ್ಲದೆಯೂ ಬಯಾಸ್ ಹೊಸದು ಮಾಡೋಕೆ) ಇದೆಯಾ ನೋಡಿ.

ಬೋರ್ಡ್ ಆಗಲೇ ತಂದಿಟ್ಟಿದ್ದರೆ, ಲಿಕ್ವಿಡ್ ಕೂಲರ್ ವಾಪಸ್ ಕೊಟ್ಟು ದೊಡ್ಡ ಗಾಳಿ ಕೂಲರ್ ತನ್ನಿ. ಮುಂದೆ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ.