ಮಗಳು ಪ್ರೋಗ್ರಾಮರ್ ಆಗ್ತೀನಿ ಅಂತಾಳೆ, ಯಾವ ಕೋರ್ಸಿಗೆ ಸೇರಿಸಲಿ?

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನಲ್ಲಿದೆ. ಮನೆಯವರು ಎರಡು ಎಕರೆ ಅಡಿಕೆ ತೋಟ, ಎರಡು ಹಸು ನೋಡಿಕೊಳ್ಳುತ್ತಾರೆ. ಮಗಳು ಒಂದರಿಂದ ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದಳು. ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡು ಶೇ 81 ಮಾಡಿದ್ದಾಳೆ. ಸಿಇಟಿ ರ‍್ಯಾಂಕ್ 60 ಸಾವಿರ ದಾಟಿದೆ. ಪ್ರೋಗ್ರಾಮರ್ ಆಗಬೇಕು ಅಂತ ಅವಳ ಹಟ. ಒಂದು ಖಾಸಗಿ ಕಾಲೇಜಿನವರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ನಾಲ್ಕು ವರ್ಷಕ್ಕೆ 12 ಲಕ್ಷ ಅಂದಿದ್ದಾರೆ. ನಮ್ಮ ಭಾವ 'ಬಿಸಿಎಗೆ ಬೆಲೆ ಇಲ್ಲ, ತೋಟದ ಮೇಲೆ ಸಾಲ ತೆಗಿ' ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಕ್ಕಾ, ತೋಟದ ಮೇಲೆ ಸಾಲ ತೆಗೀಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದು ಆಮೇಲೆ.

ಲೆಕ್ಕ ಹಾಕಿ ನೋಡೋಣ. 12 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಕಂತು. ತಿಂಗಳಿಗೆ ಸುಮಾರು 15,850 ರೂಪಾಯಿ ಬರುತ್ತದೆ. ಒಟ್ಟು ಕಟ್ಟುವುದು 19 ಲಕ್ಷ. ಓದುವ ನಾಲ್ಕು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ಹಾಸ್ಟೆಲ್, ಲ್ಯಾಪ್‌ಟಾಪ್, ಓಡಾಟವೂ ಸೇರಿಲ್ಲ. ಇನ್ನು ಸಂಬಳ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಹತ್ತಿರ. ಅದರಲ್ಲಿ 16 ಸಾವಿರ ಕಂತಿಗೆ ಹೋದರೆ ಆ ಹುಡುಗಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಊಟ ಮಾಡೋದು ಹೇಗೆ? ಸಾಲ ತಲೆ ಮೇಲಿದ್ದರೆ ಇನ್ನೊಂದು ತೊಂದರೆಯೂ ಇದೆ. ಒಳ್ಳೆ ಕೆಲಸ ಸಿಗುವವರೆಗೆ ನಾಲ್ಕು ತಿಂಗಳು ಕಾಯಲು ಆಗುವುದಿಲ್ಲ. ಮೊದಲು ಕರೆದವರ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರನ್ನು ನನ್ನ ಪಕ್ಕದ ಕುರ್ಚಿಯಲ್ಲೇ ನೋಡಿದ್ದೇನೆ.

ಸಿಇಟಿಯನ್ನು ಇಷ್ಟಕ್ಕೇ ಕೈಬಿಡಬೇಡಿ. ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಪೂರ್ತಿ ಹತ್ತು ವರ್ಷ ಓದಿದ್ದಾಳೆ ಅಂತ ಬರೆದಿದ್ದೀರಲ್ಲ, ಅದು ದೊಡ್ಡ ವಿಷಯ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5 ಇದೆ. ಅರ್ಜಿಯಲ್ಲಿ ಇವೆರಡನ್ನೂ ಕೇಳಿದ್ದಾಳಾ, ಪ್ರಮಾಣಪತ್ರಗಳಿಗೆ ಬಿಇಒ ಸಹಿ ಆಗಿದೆಯಾ ಅಂತ ಇವತ್ತೇ ನೋಡಿ. ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ. ಅದರಲ್ಲಿ ಸೀಟು ಸಿಕ್ಕಿದರೆ ಬೋಧನಾ ಶುಲ್ಕ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ಹೆಸರೇ ಕೇಳಿರುವುದಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಆಪ್ಷನ್ ಎಂಟ್ರಿಯಲ್ಲಿ ಹತ್ತು ಕಾಲೇಜು ಹಾಕಿ ಸುಮ್ಮನಾಗಬೇಡಿ. ನೂರು ಹಾಕಿದರೂ ತಪ್ಪಿಲ್ಲ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು ಮೇಲೆ ಇರಲಿ. ನಿಮ್ಮ ಜಿಲ್ಲೆಯ ಚಳ್ಳಕೆರೆಯಲ್ಲೇ ಒಂದಿದೆ. ಹಾಸನ, ಹಾವೇರಿ, ರಾಮನಗರದಲ್ಲಿವೆ. ದಾವಣಗೆರೆಯಲ್ಲಿ ಯುಬಿಡಿಟಿ ಇದೆ. ಮೊದಲು ಬರುವ ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆ ನೋಡಿಕೊಂಡು ಪಟ್ಟಿ ಹಿಂದೆ ಮುಂದೆ ಮಾಡಿ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ಪರವಾಗಿಲ್ಲ, ಆದರೂ ಇನ್ನೂ ಒಳ್ಳೆಯದು ಬೇಕು ಅನ್ನಿಸಿದರೆ 'ಚಾಯ್ಸ್ 2' ಒತ್ತಿ. ಮೇಲಿನದು ಸಿಗದಿದ್ದರೆ ಈಗ ಸಿಕ್ಕಿದ್ದು ಕೈಯಲ್ಲೇ ಇರುತ್ತದೆ.

ಕಂಪ್ಯೂಟರ್ ಸೈನ್ಸ್ ಸಿಗದೆ ಎಲೆಕ್ಟ್ರಾನಿಕ್ಸ್ ಸಿಕ್ಕಿದರೆ? ಸೇರಿಸಿ. ಸಾಫ್ಟ್‌ವೇರ್ ಕಂಪನಿಗಳು ಬಹಳಷ್ಟು ಸಲ ಬ್ರಾಂಚ್ ನೋಡದೆ ಎಲ್ಲರನ್ನೂ ಪರೀಕ್ಷೆಗೆ ಕರೆಯುತ್ತವೆ. ಆದರೆ ಬರೀ 'ಬಿಇ' ಅನ್ನೋ ಎರಡು ಅಕ್ಷರಕ್ಕೋಸ್ಕರ ಇಷ್ಟವಿಲ್ಲದ ಬ್ರಾಂಚ್ ಬೇಡ. ನಾಲ್ಕು ವರ್ಷ ಡ್ರಾಯಿಂಗ್ ಹಾಳೆ ಹಿಡಿದು ಕೂತು, ರಾತ್ರಿ ಕೋಡ್ ಕಲಿಯೋದು ಹೇಳಿದಷ್ಟು ಸುಲಭ ಅಲ್ಲ.

ಈಗ ಬಿಸಿಎ, ಅಂದರೆ ಕಂಪ್ಯೂಟರ್ ಅಪ್ಲಿಕೇಷನ್ಸ್ ಪದವಿ. ನಿಮ್ಮ ಭಾವ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಕೆಲವು ಕಂಪನಿಗಳು ಬಿಸಿಎ ಮಾಡಿದವರನ್ನು ಕರೆಯುವುದಿಲ್ಲ. ಕರೆದರೂ ಶುರುವಿನ ಸಂಬಳ ಕಡಿಮೆ. ಗಣಿತವೂ ಬಿಇಗಿಂತ ಕಡಿಮೆ. ಆದರೆ ಮೊದಲ ಸೆಮಿಸ್ಟರಿನಿಂದಲೇ ಪ್ರೋಗ್ರಾಮ್ ಬರೆಸುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಶುಲ್ಕ ನಿಮ್ಮ ಕೈಗೆ ಎಟುಕುವಷ್ಟೇ ಇರುತ್ತದೆ. ಮೂರು ವರ್ಷ ಬಿಸಿಎ, ಎರಡು ವರ್ಷ ಎಂಸಿಎ ಅನ್ನೋ ಸ್ನಾತಕೋತ್ತರ ಪದವಿ. ಬಿಇಗಿಂತ ಒಂದೇ ವರ್ಷ ಜಾಸ್ತಿ. ಎಂಸಿಎಗೆ ಪಿಜಿಸಿಇಟಿ ಅನ್ನೋ ರಾಜ್ಯದ ಪ್ರವೇಶ ಪರೀಕ್ಷೆ ಬರೆಯಬೇಕು. ಎನ್‌ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ ಎನ್‌ಐಎಂಸಿಇಟಿ ಬರೆದು ಒಳ್ಳೆ ರ‍್ಯಾಂಕ್ ತಂದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಎಂಸಿಎ ಮಾಡಬಹುದು. ಅದಕ್ಕೆ ಡಿಗ್ರಿಯಲ್ಲಿ ಗಣಿತವೋ ಸಂಖ್ಯಾಶಾಸ್ತ್ರವೋ ಇರಲೇಬೇಕು. ಹಾಗಾಗಿ ಕಾಲೇಜಿಗೆ ಸೇರಿಸುವ ದಿನ ಆಫೀಸಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: 'ನಿಮ್ಮ ಬಿಸಿಎನಲ್ಲಿ ಗಣಿತ ಯಾವ ಯಾವ ಸೆಮಿಸ್ಟರಿನಲ್ಲಿದೆ?' ಕಟ್ಟಡ, ಬಸ್ಸು, ಸಮವಸ್ತ್ರ ಎಲ್ಲ ಆಮೇಲೆ ನೋಡಿದರಾಯಿತು.

ಬಿಸಿಎ, ಬಿಎಸ್ಸಿ ಮಾಡಿದವರಿಗೆಂದೇ ವಿಪ್ರೋದಲ್ಲಿ ಒಂದು ಯೋಜನೆ ಇದೆ. ಕೆಲಸ ಮಾಡುತ್ತಲೇ ಎಂ.ಟೆಕ್ ಓದಿಸುತ್ತಾರೆ. ಟಿಸಿಎಸ್ ಕೂಡ ಬಿಸಿಎ ಮಕ್ಕಳನ್ನು ತಗೊಳ್ಳುತ್ತದೆ. ಇಂಥ ಕಡೆ ಸಹಿ ಹಾಕುವ ಮೊದಲು ಎಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ ಅನ್ನುವುದನ್ನು ಓದಿ ನೋಡಬೇಕು. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇರಬೇಕು, ಫೇಲಾಗಿ ಉಳಿಸಿಕೊಂಡ ವಿಷಯ (ಬ್ಯಾಕ್) ಇರಬಾರದು ಅಂತ ಬಹಳ ಕಡೆ ಕೇಳುತ್ತಾರೆ. ಆ ವಿಷಯದಲ್ಲಿ ಇಲ್ಲಿಯವರೆಗೆ ನಿಮ್ಮ ಮಗಳಿಗೆ ಚಿಂತೆ ಇಲ್ಲ.

ಓದುವ ಹುಡುಗಿ ಅನ್ನಿಸುತ್ತದೆ, ಅದಕ್ಕೇ ಇದನ್ನೂ ಹೇಳುತ್ತೇನೆ. ಐಐಟಿ ಮದ್ರಾಸ್‌ನವರು 2020ರಿಂದ ಡೇಟಾ ಸೈನ್ಸ್ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡುತ್ತಿದ್ದಾರೆ. ಜೆಇಇ ಬೇಡ. ನಾಲ್ಕು ವಾರದ ಪಾಠ ಕೇಳಿ ಅವರದೇ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು. ಆದಾಯ ಕಡಿಮೆ ಇದ್ದವರಿಗೆ ಶುಲ್ಕದಲ್ಲಿ ಶೇ 75ರವರೆಗೆ ರಿಯಾಯಿತಿ ಇದೆ. 2022ರಿಂದ ಎರಡು ಡಿಗ್ರಿಗಳನ್ನು ಒಟ್ಟಿಗೆ ಓದಲು ಯುಜಿಸಿ ಒಪ್ಪಿದೆ. ಬಿಸಿಎ ಜತೆಗೇ ಮಾಡಬಹುದು. ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ, ಪಾಠ ಇಂಗ್ಲಿಷಿನಲ್ಲಿ. ಮೊದಲ ವರ್ಷ ಬಿಸಿಎನಲ್ಲಿ ಕಾಲೂರಿ, ಆಮೇಲೆ ಸೇರಲಿ.

ಆದರೆ ಅಕ್ಕಾ, ಇಷ್ಟು ಹೊತ್ತು ಹೇಳಿದ್ದೆಲ್ಲ ಕಾಲೇಜಿನ ಮಾತು. ನಾನು ಹತ್ತು ವರ್ಷದಿಂದ ಹೊಸಬರ ಇಂಟರ್‌ವ್ಯೂ ಮಾಡುತ್ತಿದ್ದೇನೆ. ಬಿಇ ಮಾಡಿ ಬಂದವರು ಎಷ್ಟೋ ಜನ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಪ್ರಾಜೆಕ್ಟ್ ತೋರಿಸುತ್ತಾರೆ. 'ಈ ಸಾಲು ಯಾಕೆ ಬರೆದೆ?' ಅಂದರೆ ತಲೆ ತಗ್ಗಿಸುತ್ತಾರೆ. ಹೋದ ವರ್ಷ ಬಂದ ಒಬ್ಬಳು ಬಿಸಿಎ ಹುಡುಗಿ ತನ್ನ ಮಾವನ ಹಿಟ್ಟಿನ ಗಿರಣಿಯ ಲೆಕ್ಕ ಬರೆಯುವ ಪ್ರೋಗ್ರಾಮ್ ತಂದಿದ್ದಳು. ನೋಡಲು ಚೆಂದ ಇರಲಿಲ್ಲ. ಆದರೆ ಕರೆಂಟ್ ಹೋದರೆ ಅರ್ಧ ಬರೆದ ಲೆಕ್ಕ ಉಳಿಯೋದು ಹೇಗೆ ಅಂತ ನಾನು ಕೇಳುವ ಮೊದಲೇ ಅವಳು ಹೇಳಿದಳು. ಅವಳನ್ನು ತಗೊಂಡೆವು.

ನಿಮ್ಮ ಮಗಳಿಗೂ ಕೌನ್ಸೆಲಿಂಗ್ ಮುಗಿಯುವುದರೊಳಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ಎರಡು ಹಸು ಇವೆ ಅಂದಿರಲ್ಲ. ಡೇರಿಗೆ ಹಾಲು ಹಾಕಿದಾಗ ಬರುವ ಚೀಟಿಗಳನ್ನು ಅವಳ ಮುಂದಿಡಿ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ದರ ಎಷ್ಟು. 15 ದಿನಕ್ಕೆ ಬಟವಾಡೆ ಎಷ್ಟು ಬರಬೇಕು ಅಂತ ಹೇಳುವ ಪ್ರೋಗ್ರಾಮ್ ಬರೆಯಲಿ. ಪೈಥಾನ್ ಸಾಕು. ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲೂ ನಡೆಯುತ್ತದೆ.

ದಿನಗಳನ್ನು ಎಣಿಸಲು ಅವಳು ಬಹುಶಃ ರೇಂಜ್(1, 15) ಅಂತ ಬರೆಯುತ್ತಾಳೆ. ಪೈಥಾನ್ ಅದನ್ನು 1ರಿಂದ 14ರವರೆಗೆ ಮಾತ್ರ ಎಣಿಸುತ್ತದೆ. ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ. ಹದಿನೈದನೇ ದಿನದ ಹಾಲಿನ ದುಡ್ಡು ಮಾಯ! ಪ್ರೋಗ್ರಾಮ್ 'ತಪ್ಪಾಗಿದೆ' ಅಂತ ಹೇಳುವುದೂ ಇಲ್ಲ, ಸುಮ್ನೆ ಕಡಿಮೆ ಮೊತ್ತ ತೋರಿಸುತ್ತದೆ. ಡೇರಿಯ ಬಿಲ್ ಪಕ್ಕದಲ್ಲಿಟ್ಟು ನೋಡಿದಾಗಲೇ ಗೊತ್ತಾಗೋದು. ಅಷ್ಟಕ್ಕೇ ಮುಗಿಯಲ್ಲ. ಒಂದು ಸಂಜೆ ಹಾಲು ಹಾಕಿಲ್ಲ, ಆ ಜಾಗ ಖಾಲಿ ಬಿಟ್ಟರೆ ಪ್ರೋಗ್ರಾಮ್ ಅಲ್ಲೇ ನಿಂತುಹೋಗುತ್ತದೆ. ಫ್ಯಾಟ್ 4.1 ಬದಲು 41 ಅಂತ ಒತ್ತಿದರೆ ಏನು ಮಾಡಬೇಕು? ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದಲ್ಲ, ಅದನ್ನು ಬಟವಾಡೆಗೆ ಸೇರಿಸಬೇಕಾ, ಬೇಡವಾ? ನಾವು ಆಫೀಸಿನಲ್ಲಿ ದಿನವಿಡೀ ಯೋಚಿಸುವುದು ಇಂಥದ್ದನ್ನೇ. ಹಾಲಿನ ಜಾಗದಲ್ಲಿ ಬ್ಯಾಂಕಿನ ಬಡ್ಡಿ ಇರುತ್ತದೆ, ರೈಲಿನ ಟಿಕೆಟ್ ಇರುತ್ತದೆ.

ಒಂದು ವಾರ ಇದರ ಹಿಂದೆ ಬಿದ್ದು, ಊಟಕ್ಕೆ ಕರೆದರೂ 'ತಡಿಯಮ್ಮಾ, ಬಂದೆ' ಅಂದಳು ಅಂದರೆ ಯಾವ ಕಾಲೇಜಿಗಾದರೂ ಧೈರ್ಯವಾಗಿ ಕಳಿಸಿ. ಬೇಜಾರಾಗಿ ಬಿಟ್ಟರೂ ತಪ್ಪಿಲ್ಲ. 12 ಲಕ್ಷ ಕಟ್ಟುವ ಮೊದಲೇ ಗೊತ್ತಾಯಿತು ಅಲ್ವಾ?

ಸಾಲ ಬೇಕೇ ಬೇಕು ಅಂತಾದರೆ, 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡವಿಡುವ ಅಗತ್ಯ ಇಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿ. ತೋಟದ ಪತ್ರ ಪೆಟ್ಟಿಗೆಯಲ್ಲೇ ಇರಲಿ.

ಪ್ರಶ್ನೆ: ಮೇಡಂ, ನಾನು ಮುಂಡರಗಿ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಶೇ 68. ಪಿಯುಸಿ ಸೈನ್ಸ್ ತಗೊಳ್ಳಲೋ, ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್ ಸೇರಲೋ, ಐಟಿಐನಲ್ಲಿ ಕೋಪಾ ಮಾಡಲೋ?

ಉತ್ತರ: ತಮ್ಮಾ, ನಾನು ಡಿಪ್ಲೊಮಾದಿಂದಲೇ ಬಂದವಳು. 1999ರಲ್ಲಿ ಸೇರಿದೆ. ನಮ್ಮ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಜನ. ಕೀಬೋರ್ಡ್ ಮುಂದೆ ಕೂತವನು ಕಲಿಯುತ್ತಿದ್ದ, ಉಳಿದ ಮೂವರು ರೆಕಾರ್ಡ್ ಬುಕ್ಕಿಗೆ ನಕಲು ಮಾಡುತ್ತಿದ್ದರು. ನನಗೆ ಕೀಬೋರ್ಡ್ ಸಿಗುತ್ತಿರಲಿಲ್ಲ. ಅದಕ್ಕೆ ಹಾಸ್ಟೆಲಿನಲ್ಲಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡುತ್ತಿದ್ದೆ. ಒಂದರಲ್ಲಿ ಎಣಿಕೆಗೆ ಬಳಸುವ 'ಐ'ನ ಬೆಲೆ, ಇನ್ನೊಂದರಲ್ಲಿ ಮೊತ್ತದ ಬೆಲೆ. ಪ್ರೋಗ್ರಾಮಿನ ಒಂದೊಂದೇ ಸಾಲು ಓದಿ, ಬೆಲೆ ಬದಲಾದಾಗ ಹಳೆಯದನ್ನು ಹೊಡೆದು ಹೊಸದು ಬರೆಯುವುದು. ನಾನೇ ಕಂಪ್ಯೂಟರ್ ಆಗಿ ಓಡಿಸಿದ ಹಾಗೆ. ಇವತ್ತಿಗೂ ತೊಡಕಿನ ಕೋಡ್ ಬಂದರೆ ಹಾಳೆ ತಗೊಂಡು ಅದನ್ನೇ ಮಾಡುತ್ತೇನೆ.

ಡಿಪ್ಲೊಮಾ ಮೂರು ವರ್ಷ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು, ಅಲ್ಲಿ ಮೂರು ವರ್ಷ. ಪಿಯುಸಿ ಎರಡು, ಬಿಇ ನಾಲ್ಕು. ಎರಡು ದಾರಿಯೂ ಆರು ವರ್ಷವೇ. ಮನೆಯಲ್ಲಿ ಬೇಗ ದುಡಿಯಬೇಕಾದ ಪರಿಸ್ಥಿತಿ ಇದ್ದರೆ ಡಿಪ್ಲೊಮಾ ಒಳ್ಳೆಯದು. ನಡುವೆ ನಿಂತರೂ ಕೈಯಲ್ಲಿ ಒಂದು ಕೋರ್ಸ್ ಇರುತ್ತದೆ. ಆದರೆ ಗಣಿತದ ವಿಷಯದಲ್ಲಿ ನನಗೆ ಆದದ್ದು ನಿನಗೆ ಆಗುವುದು ಬೇಡ. ಬಿಇಗೆ ಹೋದಾಗ ಎಂ-3, ಅಂದರೆ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದೆ. ಪಿಯುಸಿಯಿಂದ ಬಂದವರಿಗೆ ಕ್ಯಾಲ್ಕುಲಸ್ ಪರಿಚಯ ಇತ್ತು. ನಾನು ಆರು ತಿಂಗಳು ಅವರ ಹಳೆಯ ಪಿಯುಸಿ ಪುಸ್ತಕ ಇಟ್ಟುಕೊಂಡು ಓದಿ ಆಮೇಲೆ ಪಾಸಾದೆ. ನೀನು ಡಿಪ್ಲೊಮಾಗೆ ಸೇರಿದರೆ ಮೊದಲ ರಜೆಯಿಂದಲೇ ಪಿಯುಸಿ ಗಣಿತದ ಪುಸ್ತಕ ಶುರು ಮಾಡು.

ಕೋಪಾ ಅಂದರೆ 'ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್', ಒಂದು ವರ್ಷದ ಕೋರ್ಸ್. ಹೆಸರಿನಲ್ಲಿ ಪ್ರೋಗ್ರಾಮಿಂಗ್ ಇದೆ, ಆದರೆ ಒತ್ತು ಇರುವುದು ಕಂಪ್ಯೂಟರ್ ಆಪರೇಟರ್ ಕೆಲಸದ ಮೇಲೆ. ಆಫೀಸಿನ ಡೇಟಾ ಎಂಟ್ರಿ ಕೆಲಸಕ್ಕೆ ಅದು ಸರಿ. ನಿನ್ನ ಆಸೆ ಬೇರೆ.

ಪ್ರಶ್ನೆ: ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಎಐ ಕೇಳಿದರೆ ಎರಡು ಸೆಕೆಂಡಿನಲ್ಲಿ ಕೋಡ್ ಬರೆದುಕೊಡುತ್ತದೆ. ಇನ್ನು ನಾನು ಕಲಿತು ಏನು ಪ್ರಯೋಜನ?

ಉತ್ತರ: ನಾನೂ ದಿನಾ ಬಳಸುತ್ತೇನೆ. ಅದು ಕೊಟ್ಟ ಕೋಡಿನಲ್ಲಿ ಹದಿನೈದನೇ ದಿನದ ಹಾಲು ಬಿಟ್ಟುಹೋಗಿದೆಯಾ ಅಂತ ನೋಡುವವಳು ನಾನೇ. ತಪ್ಪಾಗಿ ಗ್ರಾಹಕರ ದುಡ್ಡು ಹೋದರೆ ಉತ್ತರ ಕೊಡುವವಳೂ ನಾನೇ. ಆ ನೋಟ ಬರುವುದು ನೂರಾರು ಪ್ರೋಗ್ರಾಮ್‌ಗಳನ್ನು ಸ್ವಂತ ಕೈಯಿಂದ ಬರೆದು, ಕೆಡಿಸಿ, ಸರಿ ಮಾಡಿದ ಮೇಲೆ. ಅದಕ್ಕೆ ನಿಮಗೆ ಒಂದು ಕ್ರಮ ಹೇಳುತ್ತೇನೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಒಂದೊಂದು ಪ್ರೋಗ್ರಾಮನ್ನೂ ಮೊದಲು ನೀವೇ ಬರೆಯಿರಿ. ಒಂದು ಗಂಟೆ ಒದ್ದಾಡಿ. ಆಮೇಲೆ ಎಐಗೆ ತೋರಿಸಿ 'ಇದರಲ್ಲಿ ಎಲ್ಲಿ ತಪ್ಪಿದೆ?' ಅಂತ ಕೇಳಿ. ಅದು ಹೇಳಿದ ತಪ್ಪು ನಿಜವಾಗಿಯೂ ತಪ್ಪೇನಾ ಅಂತ ಹಾಳೆಯ ಮೇಲೆ ಗೆರೆ ಎಳೆದು ಪರೀಕ್ಷೆ ಮಾಡಿ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಇದೆ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಸಾವಿರ ರೂಪಾಯಿ. ಈ ಸೆಮಿಸ್ಟರಿಗೆ ಅಲ್ಲಿಂದ ಒಂದೇ ಒಂದು ಕೋರ್ಸ್ ಆರಿಸಿ, ಪೂರ್ತಿ ಮುಗಿಸಿ.